ಗೃಹಕೃತ್ಯ: ಸೀಸೆಯ ಮೇಲಣ ಚೀಟಿ

ಗಾಜಿನ ಸೀಸೆಯು ಬರಿದಾದೊಡನೆ ಅದನ್ನು ತಿಪ್ಪೆಗೆ ಎಸೆಯುವ ಅಭ್ಯಾಸವು ನಮ್ಮ ಸೀಮೆಯ ಗೃಹಿಣಿಯರಿಗೆ ಹೆಚ್ಚಾಗಿಲ್ಲ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಏರ್ಪಟ್ಟಾಗ ಅದರೊಳಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಯಾವ ಮನೆಯ ಮಾಡವನ್ನು ನೋಡಿದರೂ, ಒಮ್ಮೆ ಜೇನುತುಪ್ಪವನ್ನೋ ಕಾಫಿಪುಡಿಯನ್ನೋ ಹೊತ್ತು ಬಂದ ಸೀಸೆಯಲ್ಲಿ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ನಿಂಬೆಯ ಉಪ್ಪಿನಕಾಯಿಗಳು ಕುಳಿತಿರುವುದುಂಟು. ಆದರೆ ಅದರ ಮೈಮೇಲಿನ ಚೀಟಿಯು ಅರ್ಧ ಹರಿದು, ಅಂಟಿಗೆ ಧೂಳು ಮೆತ್ತಿಕೊಂಡು, ಹಿಡಿದ ಕೈಗೆ ಹತ್ತುವುದು. ಇದನ್ನು ಸೀಸೆಗೆ ಅಪಾಯವಾಗದಂತೆ ತೆಗೆಯುವ ಬಗೆಯನ್ನು ಈ ಸಲ ಹೇಳುವೆವು.

ಮೊದಲು ಅಂಟಿನ ಜಾತಿಯನ್ನು ತಿಳಿಯಬೇಕು. ಹಳೆಯ ಕಾಲದ ಔಷಧದ ಸೀಸೆಗಳ ಚೀಟಿಗಳನ್ನು ಹಿಟ್ಟಿನ ಸರಿಯಿಂದಲೋ ಮರದ ಗೋಂದಿನಿಂದಲೋ ಅಂಟಿಸುತ್ತಿದ್ದರು. ಇವೆರಡೂ ನೀರಿಗೆ ಸೋಲುವಂಥವು. ಆದರೆ ೧೯೩೫ರಲ್ಲಿ ಅಮೆರಿಕೆಯ ಸ್ಟಾಂಟನ್ ಏವರಿ ಎಂಬವರು ಒತ್ತಿದ ಮಾತ್ರಕ್ಕೆ ಅಂಟುವ ಚೀಟಿಯನ್ನು ಮಾರಾಟಕ್ಕೆ ತಂದ ಮೇಲೆ, ಕ್ರಮೇಣ ರಬ್ಬರು ಮತ್ತು ಅಕ್ರಿಲಿಕ್ ಜಾತಿಯ ಅಂಟುಗಳು ಬಳಕೆಗೆ ಬಂದವು. ಇವಕ್ಕೆ ನೀರಿನ ಭಯವು ಕಡಮೆ. ಎಣ್ಣೆಯ ಭಯವೇ ಹೆಚ್ಚು. ಸೀಸೆಯನ್ನು ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿರಿ. ಚೀಟಿಯು ತಾನಾಗಿ ಜಾರಿದರೆ ಅದು ಹಳೆಯ ಜಾತಿ. ಕಾಗದವು ಮಾತ್ರ ಮುದ್ದೆಯಾಗಿ ಕೆಳಗೆ ಜಿಗುಟು ಉಳಿದರೆ ಹೊಸ ಜಾತಿ.

ನೀರು ಬೆಚ್ಚಗಿರಬೇಕೆಂದೆವು, ಕುದಿಯಬೇಕೆಂದಲ್ಲ. ಸಾಮಾನ್ಯ ಸೀಸೆಯ ಗಾಜು ಸುಮಾರು ೪೦ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಒಮ್ಮೆಗೇ ತಾಳಲಾರದು. ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಮಗ್ಗುಲು ಹಿಗ್ಗದಿದ್ದರೆ ನಡುವೆ ಬಿರುಕು ಬಿಡುವುದೇ ಅದರ ಸ್ವಭಾವ. ಆದುದರಿಂದ ಮೊದಲು ಉಗುರುಬೆಚ್ಚನೆಯ ನೀರು, ಬಳಿಕ ಸ್ವಲ್ಪ ಬಿಸಿ, ಹೀಗೆ ಏರಿಸುತ್ತ ಹೋಗತಕ್ಕದ್ದು. ತಣ್ಣಗಾಗಿಸುವಾಗಲೂ ಅವಸರವು ಕೂಡದು.

ಉಳಿದ ಜಿಗುಟಿಗೆ ಮದ್ದು ನಮ್ಮ ಮನೆಯಲ್ಲೇ ಇದೆ. ಶೇಂಗಾ ಬೆಳೆಯುವ ಸೀಮೆಯವರಾದ ನಾವು ಇದಕ್ಕಾಗಿ ಅಂಗಡಿಯಿಂದ ಬಣ್ಣದ ದ್ರಾವಣವನ್ನು ತರುವುದು ನಮಗೆ ಸರಿಕಾಣದು. ಎರಡು ಚಮಚ ಶೇಂಗಾ ಎಣ್ಣೆಗೆ ಅಷ್ಟೇ ಅಡುಗೆ ಸೋಡಾ ಕಲಸಿ, ಜಿಗುಟಿನ ಮೇಲೆ ದಪ್ಪಗೆ ಬಳಿದು ಅರ್ಧ ಗಂಟೆ ಬಿಡಿರಿ. ಎಣ್ಣೆಯು ಅಂಟಿನೊಳಗೆ ಇಳಿದು ಅದರ ಬಿಗಿಯನ್ನು ಸಡಿಲಿಸುವುದು. ಸೋಡಾ ಮೆಲ್ಲಗೆ ಉಜ್ಜುವುದು. ಆಮೇಲೆ ಹಳೆಯ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರಸಿ, ಸಾಬೂನಿನಿಂದ ತೊಳೆಯತಕ್ಕದ್ದು. ಸೀಮೆಎಣ್ಣೆಯೂ ಅಂಟನ್ನು ಬಿಡಿಸುತ್ತದೆ, ನಿಜ. ಆದರೆ ಅದರ ವಾಸನೆಯು ಮುಚ್ಚಳದ ಸಂದಿನಲ್ಲಿ ಕುಳಿತು ಉಪ್ಪಿನಕಾಯಿಗೆ ಬರುವುದು. ಪೆಟ್ರೋಲನ್ನಂತೂ ಒಲೆ ಇರುವ ಮನೆಯಲ್ಲಿ ಬಿಚ್ಚಲೇಬಾರದು.

ಚಾಕು, ಕಬ್ಬಿಣದ ನಾರು, ಮರಳು ಬೆರೆತ ಬೂದಿ ಇವುಗಳ ಮೇಲೆ ನಮಗೆ ವಿಶ್ವಾಸವಿಲ್ಲ. ಗಾಜಿನ ಬಲವು ಅದರ ಮೈಯ ನುಣುಪಿನಲ್ಲಿದೆ. ೧೯೨೧ರಲ್ಲಿ ಗ್ರಿಫಿತ್ ಎಂಬ ಆಂಗ್ಲ ಇಂಜಿನಿಯರು ಪ್ರಕಟಿಸಿದ ಲೇಖನವು, ಗಾಜು ತನ್ನ ಸಹಜ ಬಲಕ್ಕಿಂತ ಬಹಳ ಬೇಗ ಒಡೆಯುವುದಕ್ಕೆ ಕಣ್ಣಿಗೆ ಕಾಣದ ಸಣ್ಣ ಗೀರುಗಳೇ ಕಾರಣವೆಂದು ತೋರಿಸಿತು. ಉಗುರು ಅಥವಾ ಮರದ ಚಮಚದ ಅಂಚು ಸಾಕು.

ಬೋರಿನ ಗಡಸು ನೀರು ಬರುವ ಊರುಗಳವರಿಗೆ ಇನ್ನೊಂದು ತೊಡಕುಂಟು. ಆ ನೀರಿನ ಸುಣ್ಣವು ಸಾಬೂನಿನೊಡನೆ ಕೂಡಿ ಮೊಸರಿನಂತಾಗಿ ಗಾಜಿಗೆ ಬಿಳಿಯ ಪೊರೆ ಕಟ್ಟುವುದು. ನೀರಿಗೆ ಮುಂಚಿತವಾಗಿ ಚಿಟಿಕೆ ವಾಷಿಂಗ್ ಸೋಡಾ ಹಾಕಿದರೆ ಸುಣ್ಣವು ತಳಕ್ಕೆ ಇಳಿಯುತ್ತದೆ. ಪೊರೆಯು ಆಗಲೇ ಕಟ್ಟಿದ್ದರೆ ಹುಣಸೆಯ ನೀರಿನಿಂದ ತೊಳೆಯಬಹುದು. ಕೂಡ್ಲಿಗಿಯ ಕಡೆ ಅದಕ್ಕೇನೂ ಬಡತನವಿಲ್ಲ.

ಹಿರಿಯರ ಕಾಲದ ಚೀಟಿಯನ್ನೇ ಉಳಿಸಬೇಕೆಂಬವರು ಉಜ್ಜುವ ಮಾತನ್ನೇ ಎತ್ತಬಾರದು. ಮೂಲೆಯಲ್ಲಿ ಒಂದು ಹನಿ ನೀರಿಟ್ಟು ಮಸಿ ಹರಿಯುವುದೇ ನೋಡಿರಿ. ಹರಿದರೆ ಸೀಸೆಯೊಡನೆಯೇ ಇಟ್ಟುಕೊಳ್ಳುವುದು ಲೇಸು. ಹರಿಯದಿದ್ದರೆ ತಣ್ಣೀರಿನಲ್ಲಿ ನೆನೆಸಿ, ಜಾರಿದ ಚೀಟಿಯನ್ನು ಒತ್ತುಕಾಗದದ ನಡುವೆ ಒಣಗಿಸಿರಿ.

ಇಷ್ಟು ಹೇಳಿದ ಮೇಲೂ, ತೆಗೆಯಲೇಬಾರದ ಚೀಟಿಯೊಂದುಂಟು. ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿಗಳ ಹೊಲವಿರುವ ಮನೆಗಳಿಗೆ ಕೀಟನಾಶಕದ ಸೀಸೆಗಳು ಬರುತ್ತವೆ. ೧೯೭೧ರ ಕೀಟನಾಶಕ ನಿಯಮಗಳ ಮೇರೆಗೆ ಅವುಗಳ ಚೀಟಿಯಲ್ಲಿ ವಜ್ರಾಕಾರದ ಗುರುತಿರುತ್ತದೆ: ಕೆಂಪಾದರೆ ಅತ್ಯಂತ ವಿಷ, ಹಳದಿಯಾದರೆ ಹೆಚ್ಚಿನ ವಿಷ, ನೀಲಿಯಾದರೆ ಮಧ್ಯಮ, ಹಸುರಾದರೆ ಅಲ್ಪ. ಇಂಥ ಸೀಸೆಯನ್ನು ಎಷ್ಟು ಬಾರಿ ತೊಳೆದರೂ ಎಣ್ಣೆಗೂ ನೀರಿಗೂ ಬಳಸಬಾರದು. ಮೂರು ಸಲ ನೀರು ಕುಲುಕಿ, ಆ ನೀರನ್ನು ಸಿಂಪಡಿಸುವ ಪಂಪಿಗೇ ಹೊಯ್ದು, ಬಳಿಕ ಒಡೆದು, ಮನೆಯಿಂದಲೂ ಬಾವಿಯಿಂದಲೂ ದೂರ ಹೂಳತಕ್ಕದ್ದು. ಸೀಸೆ ಮುಗಿಯುವವರೆಗೆ ಚೀಟಿ ಅದರ ಮೇಲೆಯೇ ಇರಲಿ. ಮಗುವು ಅಕಸ್ಮಾತ್ತಾಗಿ ಕುಡಿದರೆ ವೈದ್ಯರು ಮೊದಲು ಕೇಳುವುದು ಯಾವ ಔಷಧಿಯೆಂದೇ. ಒಂದು ಜಾತಿಯ ವಿಷಕ್ಕೆ ಅಟ್ರೊಪಿನ್ ಚುಚ್ಚುತ್ತಾರೆ, ಇನ್ನೊಂದಕ್ಕೆ ಅದರಿಂದ ಪ್ರಯೋಜನವಿಲ್ಲ. ಹೆಸರು ಹೇಳತಕ್ಕದ್ದು ಆ ಕಾಗದವೊಂದೇ. ಸೀಸೆಯನ್ನು ಮಗುವಿನೊಡನೆಯೇ ಆಸ್ಪತ್ರೆಗೆ ಕೊಂಡೊಯ್ಯಿರಿ.

ಇದಕ್ಕಿಂತ ಹತ್ತಿರದ ಅಪಾಯವೂ ಇದೆ. ಕೊಟ್ಟೂರಿನ ತೇರಿಗೋ ಮೈಲಾರದ ಜಾತ್ರೆಗೋ ಹೋಗಿ ಬಂದವರು ತಂದ ಶರಬತ್ತಿನ ಸೀಸೆಯನ್ನು ಚೆಂದಾಗಿ ತೊಳೆದು, ಅದರಲ್ಲಿ ಸೀಮೆಎಣ್ಣೆಯನ್ನೋ ಫಿನಾಯಿಲನ್ನೋ ತುಂಬಿ ನೆಲದ ಮೇಲಿಡುವವರು ಇದ್ದಾರೆ. ಶರಬತ್ತಿನ ರುಚಿ ಕಂಡ ಮಗುವಿಗೆ ಅದು ಶರಬತ್ತೇ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು; ಹೊರಬರುವಾಗ ಅದು ಶ್ವಾಸಕೋಶಕ್ಕೆ ಇಳಿದೀತು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಶುದ್ಧವಾದ ಸೀಸೆಯನ್ನು ಬೋರಲು ಹಾಕಿ ಒಳಗಿನ ತೇವವು ಪೂರ್ತಿ ಆರುವವರೆಗೆ ಕಾಯಿರಿ; ತೇವವುಳಿದರೆ ಉಪ್ಪಿನಕಾಯಿಗೆ ಬೂಷ್ಟು ಬರುವುದು. ಹೊಸ ಚೀಟಿಯನ್ನು ಮೈದಾ ಸರಿಯಿಂದ ತೆಳ್ಳಗೆ ಅಂಟಿಸಿ, ಪದಾರ್ಥದ ಹೆಸರು ಮತ್ತು ತುಂಬಿದ ದಿನವನ್ನು ಪೆನ್ಸಿಲಿನಿಂದ ಬರೆಯಿರಿ. ಮಸಿಯಾದರೆ ಒದ್ದೆ ಕೈ ತಾಕಿದೊಡನೆ ಅಳಿಸಿಹೋಗುತ್ತದೆ.