ವಿದೇಶದ ಪದವಿ, ನಮ್ಮ ತೀರದ ಪ್ರಶ್ನೆ

ಅಂತರರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಸಂಶೋಧನಾ ಎಂ.ಎ. ಮಾಡಲು ವಿದೇಶಕ್ಕೆ ಹೋಗಬಯಸುವ ಮಿತ್ರರು ಅವಶ್ಯವಾಗಿ ಹೋಗಲಿ. ಆದರೆ ಪ್ರಶ್ನೆಯನ್ನು ಇಲ್ಲಿಂದಲೇ ಒಯ್ಯಲಿ ಎಂಬುದು ನನ್ನ ಮತ. ಆ ಪದವಿಗೆ ಪ್ರಬಂಧವೇ ಪ್ರಾಣ. ಪ್ರಬಂಧಕ್ಕೆ ಪ್ರಶ್ನೆಯೇ ಪ್ರಾಣ.

ನಮ್ಮಲ್ಲಿ ಪ್ರಶ್ನೆಗಳಿಗೇನು ಬರವೇ? ಭಟ್ಕಳದ ಬಂದರಿನಲ್ಲಿ ವಿಜಯನಗರಕ್ಕೆ ಬೇಕಾದ ಕುದುರೆಗಳು ಇಳಿಯುತ್ತಿದ್ದವು. 1623ರಲ್ಲಿ ಪೋರ್ತುಗೀಜ ರಾಯಭಾರಿಯು ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೋದನು. 1861–65ರ ಅಮೆರಿಕದ ಅಂತರ್ಯುದ್ಧವು ಕುಮಟೆಯ ಹತ್ತಿಯ ವ್ಯಾಪಾರವನ್ನು ಬೆಳೆಸಿತು.

ಆ ರಾಯಭಾರದ ಕಥೆ ನಮಗೆ ದೊರೆಯುವುದು ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳಿಂದ. ನಮ್ಮ ಮನೆಯ ಮಾತನ್ನು ಅತಿಥಿಯ ಬಾಯಿಂದ ಕೇಳಿದರಷ್ಟೇ ಸಾಲದು. ಪೋರ್ತುಗೀಜ ಭಾಷೆ ಕಲಿತು, ಪಣಜಿಯ ದಾಖಲೆಗಳನ್ನು ಮೊದಲು ನೋಡಿ, ಬಳಿಕ ಲಿಸ್ಬನ್ನಿಗೆ ಹೋದವರು ತರುವ ಪದವಿ ಅವರೊಬ್ಬರದಲ್ಲ, ಈ ತೀರದ್ದೂ ಆದೀತು.