ಅಮೆರಿಕದ ಸ್ಕೌಟ್ಸ್: ಮೇಲೆ ಎಲ್ಲಾ ಬದಲು, ಕೆಳಗೆ ದಳ ಉಳಿಸಿದ್ದು ಅಕ್ಕಪಕ್ಕದವರು

'ಬಾಯ್ ಸ್ಕೌಟ್ಸ್ ಆಫ್ ಅಮೆರಿಕ' ಅನ್ನೋ ಹೆಸರು ಈಗ ಇಲ್ಲ. 1910ರ ಫೆಬ್ರವರಿ 8ರಂದು ಶುರುವಾದ ಸಂಸ್ಥೆ, 115 ವರ್ಷ ತುಂಬಿದ ದಿನವೇ, ಅಂದರೆ 2025ರ ಫೆಬ್ರವರಿ 8ರಂದು, 'ಸ್ಕೌಟಿಂಗ್ ಅಮೆರಿಕ' ಆಯ್ತು. ಹೆಣ್ಣುಮಕ್ಕಳೂ ಸೇರಿರುವಾಗ ಹೆಸರಲ್ಲಿ 'ಬಾಯ್' ಯಾಕೆ ಅನ್ನೋದೇ ಇದಕ್ಕೆ ಮುಖ್ಯ ಕಾರಣ.

ನಮ್ಮ ತಾಲೂಕಿನವರಿಗೆ ಇದು ದೊಡ್ಡ ಸುದ್ದಿ ಅನ್ನಿಸಲಿಕ್ಕಿಲ್ಲ. 1950ರ ನವೆಂಬರ್ 7ರಂದು ಹುಟ್ಟಿದ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಮರುವರ್ಷ ಆಗಸ್ಟ್ 15ಕ್ಕೇ ಗೈಡ್ಸ್ ಸೇರಿಕೊಂಡಿತ್ತು. ಸ್ವಾತಂತ್ರ್ಯ ದಿನದ ಪರೇಡ್‌ನಲ್ಲಿ ಹುಡುಗರು, ಹುಡುಗಿಯರು ಇಬ್ಬರನ್ನೂ ನೋಡಿಯೇ ಎಲ್ಲರೂ ಬೆಳೆದಿದ್ದಾರೆ. ಆದರೆ ಹೆಸರಿಗಿಂತ ಗಮನಿಸಬೇಕಾದ ವಿಷಯ ಬೇರೆ ಇದೆ. ಮೇಲೆ ಇಷ್ಟೆಲ್ಲಾ ಅಲ್ಲಾಡುವಾಗ ಕೆಳಗೆ ಒಂದೊಂದು ಊರಿನ ದಳ ಹೇಗೆ ನಡೀತು?

ದಳ ನಡೆಸೋದು ಯಾರು?

ನಮ್ಮಲ್ಲಿ ದಳ ಅಂದ್ರೆ ಹೆಚ್ಚಾಗಿ ಶಾಲೆಯದ್ದು. ಮೇಷ್ಟ್ರೇ ಸ್ಕೌಟ್ ಮಾಸ್ಟರ್, ಟೀಚರೇ ಗೈಡ್ ಕ್ಯಾಪ್ಟನ್. ಅಮೆರಿಕದಲ್ಲಿ ಹಾಗಲ್ಲ. ಊರಿನ ಒಂದು ಚರ್ಚ್, ಲಯನ್ಸ್ ಕ್ಲಬ್ ಅಥವಾ ರೋಟರಿ ದಳವನ್ನು ತನ್ನ ಹೆಸರಲ್ಲಿ ನೋಂದಾಯಿಸಿ, ಸೇರೋಕೆ ಹಾಲ್ ಕೊಡುತ್ತೆ. ನಡೆಸೋರು ಸಂಬಳ ಇಲ್ಲದ ಸ್ವಯಂಸೇವಕರು, ಬಹುತೇಕ ಮಕ್ಕಳ ಅಪ್ಪ ಅಮ್ಮಂದಿರೇ. ಇಂಥ ದಳಗಳ ಮೇಲೆ, ನಮ್ಮ ಜಿಲ್ಲಾ ಸಂಸ್ಥೆ ಥರ, ಕೌನ್ಸಿಲ್ ಅಂತ ಇರುತ್ತೆ.

ಒಂದರ ಹಿಂದೆ ಒಂದು ಹೊಡೆತ

ಮೊದಲ ಹೊಡೆತ 2019ರ ಕೊನೆಗೆ. ಮಾರ್ಮನ್ ಚರ್ಚ್ ಅಂತ ಕರೆಸಿಕೊಳ್ಳುವ ಸಂಸ್ಥೆ ಅಲ್ಲಿವರೆಗೂ ಸ್ಕೌಟ್ಸ್‌ನ ಅತಿ ದೊಡ್ಡ ಪ್ರಾಯೋಜಕ. ಅದು ಡಿಸೆಂಬರ್ 31ಕ್ಕೆ ಸಂಬಂಧ ಕಡಿದುಕೊಂಡಿತು. ಒಟ್ಟು ಮಕ್ಕಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಆ ಚರ್ಚ್‌ನ ದಳಗಳದ್ದೇ ಆಗಿತ್ತು. ಮರುದಿನವೇ ರಾಷ್ಟ್ರೀಯ ಸಂಸ್ಥೆಯ ವಾರ್ಷಿಕ ಶುಲ್ಕ 33 ಡಾಲರ್‌ನಿಂದ 60ಕ್ಕೆ ಏರಿತು.

ಎರಡನೆಯದು 2020ರ ಫೆಬ್ರವರಿಯಲ್ಲಿ. ಹಿಂದಿನ ದಶಕಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣಗಳಿಂದಾಗಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಪರಿಹಾರ ಕೇಳಿದವರು 82 ಸಾವಿರಕ್ಕೂ ಹೆಚ್ಚು. ಒಪ್ಪಂದವಾದ ಮೊತ್ತ ಸುಮಾರು 246 ಕೋಟಿ ಡಾಲರ್. ಅದರಲ್ಲಿ ಕನಿಷ್ಠ 51.5 ಕೋಟಿ ಡಾಲರ್ ಸ್ಥಳೀಯ ಕೌನ್ಸಿಲ್‌ಗಳ ಪಾಲು. ಅದನ್ನು ಹೊಂದಿಸೋಕೆ ಹಲವು ಕೌನ್ಸಿಲ್‌ಗಳು ಮಕ್ಕಳು ಕ್ಯಾಂಪ್ ಹಾಕುತ್ತಿದ್ದ ಜಮೀನನ್ನೇ ಮಾರಿದವು. ಇದೇ ಹೊತ್ತಿಗೆ ಕೋವಿಡ್ ಕೂಡ ಬಂತು.

ಪಕ್ಕದ ದಳ ಕೈ ಹಿಡಿದಿದ್ದು ಹೀಗೆ

ಮಾರ್ಮನ್ ಚರ್ಚ್‌ನ ಕೇಂದ್ರ ಇರೋದು ಯೂಟಾ ರಾಜ್ಯದಲ್ಲಿ. ಅಲ್ಲಿದ್ದ ಮೂರು ಕೌನ್ಸಿಲ್‌ಗಳು 2020ರಲ್ಲಿ ಸೇರಿ ಒಂದೇ ಆದವು. ಬೇರೆ ಬೇರೆ ಕಚೇರಿ ನಡೆಸೋ ಶಕ್ತಿ ಇಲ್ಲ ಅಂತಾದಾಗ ಉಳಿದಿದ್ದು ಅದೊಂದೇ ದಾರಿ.

ಮೆಥೋಡಿಸ್ಟ್ ಚರ್ಚ್‌ಗಳು ಇನ್ನೊಂದು ದಾರಿ ಹಿಡಿದವು. ಕೇಸ್ ತಮ್ಮ ಮೇಲೂ ಬರುತ್ತೆ ಅನ್ನೋ ಭಯ ಅವಕ್ಕಿತ್ತು. ಹಾಗಂತ ಮಕ್ಕಳನ್ನು ಹೊರಗೆ ಹಾಕಲಿಲ್ಲ. ಹಲವು ಕಡೆ ನೋಂದಣಿ ಕೌನ್ಸಿಲ್ ಹೆಸರಿಗೆ ಹೋಯ್ತು, ಹಾಲ್ ಮಾತ್ರ ಚರ್ಚ್‌ನದ್ದೇ ಉಳೀತು. ಕಾಗದ ಬದಲಾಯ್ತು, ಜಾಗ ಬದಲಾಗಲಿಲ್ಲ.

ಹೆಣ್ಣುಮಕ್ಕಳ ವಿಚಾರದಲ್ಲಿ ಈ ಕೂಡಿ ನಡೆಯೋದು ಇನ್ನೂ ಚೆನ್ನಾಗಿ ಕಾಣುತ್ತೆ. 2019ರ ಫೆಬ್ರವರಿ 1ರಿಂದ 11ರಿಂದ 17 ವರ್ಷದ ಹುಡುಗಿಯರೂ ಸ್ಕೌಟ್ ದಳ ಸೇರಬಹುದು ಅಂತಾಯ್ತು. ಆದರೆ ಆಗಿನ ನಿಯಮದಂತೆ ದಳ ಪ್ರತ್ಯೇಕ ಇರಬೇಕು. ಹೊಸ ದಳಕ್ಕೆ ಟೆಂಟ್, ಪಾತ್ರೆ, ದುಡ್ಡು, ಅನುಭವಿ ಲೀಡರ್ ಎಲ್ಲಿಂದ ತರೋದು? ಅದಕ್ಕೆ 'ಜೋಡಿ ದಳ' ಬಂತು. ಹುಡುಗರ ದಳಕ್ಕೂ ಹುಡುಗಿಯರ ದಳಕ್ಕೂ ಸ್ಕೌಟ್ ಮಾಸ್ಟರ್ ಬೇರೆ, ಕಮಿಟಿ ಮತ್ತು ಪ್ರಾಯೋಜಕರು ಒಂದೇ. ಎರಡೇ ವರ್ಷದಲ್ಲಿ, 2021ರ ಫೆಬ್ರವರಿಗೆ, ಸುಮಾರು ಸಾವಿರ ಹುಡುಗಿಯರು ಅತ್ಯುನ್ನತವಾದ ಈಗಲ್ ಸ್ಕೌಟ್ ದರ್ಜೆ ಪಡೆದರು. ಶೂನ್ಯದಿಂದ ಶುರು ಮಾಡಿದ್ದರೆ ಇದು ಆಗ್ತಿರಲಿಲ್ಲ.

ಪರಿಚಯದವರು ಅಂದ್ರೆ ಸಾಕಾ?

ಆದರೆ ಒಂದು ಕಹಿ ಸತ್ಯವೂ ಇದೆ. ಅಷ್ಟೊಂದು ಮಕ್ಕಳಿಗೆ ಅನ್ಯಾಯ ಆಗಿದ್ದು ಅಪರಿಚಿತರಿಂದ ಅಲ್ಲ. 'ನಮ್ಮವರೇ ಅಲ್ವಾ' ಅಂತ ಊರು ನಂಬಿದ್ದ ಲೀಡರ್‌ಗಳಿಂದಲೇ. ಒಬ್ಬರನ್ನೊಬ್ಬರು ನಂಬೋದು ಬೇರೆ, ಒಬ್ಬರ ಮೇಲೊಬ್ಬರು ಕಣ್ಣಿಡೋದು ಬೇರೆ. ಎರಡೂ ಇದ್ದರೆ ಮಾತ್ರ ಅದು ಸಹಕಾರ.

ಈಗ ಅಲ್ಲಿ ನಿಯಮ ಬಿಗಿ ಇದೆ. ಯಾವುದೇ ಸಭೆ, ಕ್ಯಾಂಪ್‌ಗೆ 21 ವರ್ಷ ದಾಟಿದ, ನೋಂದಾಯಿತ ಇಬ್ಬರು ಹಿರಿಯರು ಇರಲೇಬೇಕು. ಹುಡುಗಿಯರಿದ್ದರೆ ಅವರಲ್ಲಿ ಒಬ್ಬರು ಮಹಿಳೆ. ಒಬ್ಬರೇ ಇದ್ದರೆ ಕ್ಯಾಂಪ್ ಇಲ್ಲ. ಚಿಕ್ಕ ದಳಗಳಿಗೆ ಇದು ಕಷ್ಟವೇ. ಆದರೆ ಇದೇ ಕಾರಣಕ್ಕೆ ಪಕ್ಕದ ದಳದವರನ್ನು 'ನೀವೂ ಬನ್ನಿ' ಅಂತ ಕರೆಯೋದೂ ಅನಿವಾರ್ಯ ಆಗುತ್ತೆ.

ನಮ್ಮ ಶಾಲೆಗಳ ಲೆಕ್ಕ

ನಮ್ಮಲ್ಲಿ ಕೋರ್ಟು, ದಿವಾಳಿ ಯಾವುದೂ ಬೇಡ. ಒಂದು ವರ್ಗಾವಣೆ ಆದೇಶ ಸಾಕು. ತರಬೇತಿ ಪಡೆದ ಆ ಒಬ್ಬ ಮೇಷ್ಟ್ರು ಬೇರೆ ಊರಿಗೆ ಹೋದರೆ ಸ್ಕಾರ್ಫು, ವಾಗಲ್ ಎಲ್ಲಾ ಬೀರು ಸೇರುತ್ತೆ. ರಾಜ್ಯ ಪುರಸ್ಕಾರಕ್ಕೆ ತಯಾರಾಗ್ತಿದ್ದ ಮಗು ಅರ್ಧದಲ್ಲೇ ನಿಲ್ಲುತ್ತೆ.

ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಪ್ರತಿ ಶಾಲೆಯಲ್ಲಿ ತರಬೇತಿ ಪಡೆದ ಇನ್ನೊಬ್ಬರು ಇರಲಿ. ಪಕ್ಕದ ಎರಡು ಶಾಲೆ ಸೇರಿ ಒಂದೇ ಕ್ಯಾಂಪ್ ಮಾಡಲಿ. ಟೆಂಟು, ಹಗ್ಗ ಹಂಚಿಕೊಳ್ಳಲಿ. ಪೇಟೆಯ ಅಂಗಡಿಯವರು ಯೂನಿಫಾರ್ಮ್‌ಗೋ ಊಟಕ್ಕೋ ದುಡ್ಡು ಕೊಡುವಾಗ ಒಂದು ಪ್ರಶ್ನೆ ಕೇಳಿದರೂ ಸಾಕು: 'ಸಾರ್, ಕ್ಯಾಂಪಿಗೆ ನಿಮ್ಮ ಜೊತೆ ಇನ್ಯಾರು ಬರ್ತಾರೆ?'

ಉತ್ತರ 'ನಾನೊಬ್ಬನೇ' ಅಂತ ಬಂದರೆ, ಕೊಡಬೇಕಾದ್ದು ಬರೀ ದುಡ್ಡಲ್ಲ, ಇನ್ನೊಬ್ಬ ಆಳನ್ನ.