ನಲವತ್ತು ದಾಟಿದ ಆಟಗಾರ

ಮನುಷ್ಯನ ವಯಸ್ಸನ್ನು ಕುರಿತು ತೀರ್ಪು ಕೊಡುವುದರಲ್ಲಿ ಲೋಕಕ್ಕೆ ಬಹಳ ಆತುರ. ಇಪ್ಪತ್ತೈದರ ತರುಣನು ಸೋತರೆ ಅದು ಆ ದಿನದ ಸೋಲು. ನಲವತ್ತೆರಡರ ಹಿರಿಯನು ಸೋತರೆ ಅದು ಮುಪ್ಪಿನ ಸೋಲು. ಒಂದೇ ಬಗೆಯ ಘಟನೆಗೆ ಹೀಗೆ ಎರಡು ಬಗೆಯ ಕಾರಣಗಳನ್ನು ಹೇಳುವ ಅಭ್ಯಾಸವು ವೈಜ್ಞಾನಿಕ ದೃಷ್ಟಿಗೆ ಒಪ್ಪತಕ್ಕದ್ದಲ್ಲವೆಂದು ನಾವು ಭಾವಿಸುತ್ತೇವೆ. ಈ ಮಾತನ್ನು ಒರೆಗೆ ಹಚ್ಚಲು ಅಮೆರಿಕೆಯ ಕ್ರೀಡಾರಂಗದಲ್ಲಿ ನಡೆದ ಪ್ರಸಂಗವೊಂದು ಬಹಳ ಉಪಯುಕ್ತವಾಗಿದೆ.

2020ನೆಯ ಇಸವಿ ಜನವರಿ 4ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಫಾಕ್ಸ್‌ಬರೋ ಎಂಬ ಊರಿನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವು ಟೆನೆಸೀ ಟೈಟನ್ಸ್ ತಂಡಕ್ಕೆ 20–13ರಿಂದ ಸೋತು ಆ ವರ್ಷದ ಸ್ಪರ್ಧೆಯಿಂದ ಹೊರಬಿದ್ದಿತು. ಪೇಟ್ರಿಯಟ್ಸ್ ತಂಡದ ನಾಯಕ ಟಾಮ್ ಬ್ರೇಡಿ ಎಸೆದ ಕೊನೆಯ ಚೆಂಡನ್ನು ಎದುರಾಳಿಯೊಬ್ಬನು ಹಿಡಿದು ಗುರಿರೇಖೆಯನ್ನು ದಾಟಿದನು. ಬ್ರೇಡಿ ಹುಟ್ಟಿದ್ದು 1977ನೆಯ ಆಗಸ್ಟ್ 3ರಂದು. ಅಂದು ಆತನಿಗೆ 42 ವರ್ಷ 5 ತಿಂಗಳು. ಆತನ ತೋಳಿನ ಬಲ ಕುಂದಿತೆಂದೂ, ಇಪ್ಪತ್ತು ವರ್ಷಗಳ ಆಳ್ವಿಕೆ ಮುಗಿಯಿತೆಂದೂ ಹಲವರು ಒಡನೆಯೇ ತೀರ್ಮಾನಿಸಿಬಿಟ್ಟರು. ಈ ತೀರ್ಮಾನಕ್ಕೆ ಆಧಾರವೆಷ್ಟು ಎಂಬುದೇ ನಮ್ಮ ಪ್ರಶ್ನೆ.

ಮೊದಲು ಆಟದ ಪರಿಚಯ ಅಗತ್ಯ. ಇದು ನಮ್ಮವರು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಉಂಟು. ಮೈದಾನದ ಉದ್ದ ನೂರು ಗಜ. ಒಂದೊಂದು ಪಕ್ಷದಲ್ಲಿ ಹನ್ನೊಂದು ಮಂದಿ. ಚೆಂಡು ಕೈಯಲ್ಲಿರುವ ತಂಡವು ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುನ್ನಡೆಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಈ ಮುನ್ನಡೆಯ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್. ಚೆಂಡು ಕೈಗೆ ಬಂದ ಬಳಿಕ ಆತನಿಗೆ ಸಾಮಾನ್ಯವಾಗಿ ಎರಡೂವರೆ ಸೆಕೆಂಡುಗಳಷ್ಟೇ ಕಾಲಾವಕಾಶ. ಅಷ್ಟರಲ್ಲಿ ತನ್ನ ಓಟಗಾರರು ಎಲ್ಲೆಲ್ಲಿದ್ದಾರೆ, ಎದುರಾಳಿಗಳು ಯಾವ ಜಾಗವನ್ನು ಬಿಟ್ಟಿದ್ದಾರೆ, ತನ್ನ ಮೇಲೆ ಬೀಳಲು ಬರುತ್ತಿರುವವನು ಎಷ್ಟು ದೂರದಲ್ಲಿದ್ದಾನೆ ಎಂಬುದನ್ನೆಲ್ಲ ಗ್ರಹಿಸಿ, ಚೆಂಡನ್ನು ಎಸೆಯಬೇಕು. ಎಸೆಯುವ ಸ್ಥಳವಾದರೋ ಓಟಗಾರನು ಈಗ ಇರುವ ಸ್ಥಳವಲ್ಲ. ಒಂದು ಕ್ಷಣದ ಅನಂತರ ಇರಲಿರುವ ಸ್ಥಳ.

ಈ ಕೆಲಸದಲ್ಲಿ ದೇಹವೆಷ್ಟು, ಬುದ್ಧಿಯೆಷ್ಟು? ದೇಹದ ಮಾತನ್ನು ಮೊದಲು ಹೇಳೋಣ. ಮುಪ್ಪು ಕಟ್ಟುಕಥೆಯಲ್ಲ. ಮೂವತ್ತರ ಬಳಿಕ ಸಾಮಾನ್ಯ ಮನುಷ್ಯನ ಸ್ನಾಯುಗಳು ದಶಕಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಕ್ಷೀಣಿಸುತ್ತವೆಂದು ವೈದ್ಯರ ಅಂದಾಜು. ಸ್ನಾಯುವಿನ ಎಳೆಗಳಲ್ಲಿ ಎರಡು ಬಗೆ: ನಿಧಾನವಾಗಿ ಸಂಕುಚಿಸಿ ದೀರ್ಘಕಾಲ ದುಡಿಯುವವು, ಥಟ್ಟನೆ ಸಂಕುಚಿಸಿ ಬೇಗ ದಣಿಯುವವು. ಕಾಲವು ಹೆಚ್ಚಾಗಿ ಕಸಿದುಕೊಳ್ಳುವುದು ಎರಡನೆಯದನ್ನು. ಕಣ್ಣಿಗೆ ಕಂಡ ಸಂಜ್ಞೆಗೆ ಕೈ ಉತ್ತರ ಕೊಡುವ ಕಾಲವೂ ಇಪ್ಪತ್ತರ ವಯಸ್ಸು ಕಳೆದ ಮೇಲೆ ಮೆಲ್ಲಮೆಲ್ಲನೆ ದೀರ್ಘವಾಗುತ್ತದೆ. ಸ್ನಾಯುರಜ್ಜುಗಳ ಬಿಗಿ ಕೆಡುತ್ತದೆ. ಗಾಯ ಮಾಯಲು ಹೆಚ್ಚು ದಿನ ಬೇಕಾಗುತ್ತದೆ.

ಆದರೆ ಈ ಸತ್ಯಗಳಿಗೆ ಪ್ರಮಾಣವೆಂಬುದೊಂದುಂಟು. ನಲವತ್ತರ ಹೊತ್ತಿಗೆ ಪ್ರತಿಕ್ರಿಯೆಯಲ್ಲಾಗುವ ವಿಳಂಬವು ಸೆಕೆಂಡಿನ ನೂರನೆಯ ಭಾಗಗಳಲ್ಲಿ ಅಳೆಯತಕ್ಕದ್ದು. ನೂರು ಗಜದ ಓಟಗಾರನಿಗೆ ಅದು ಮಾರಕವಾಗಬಹುದು. ಎರಡೂವರೆ ಸೆಕೆಂಡುಗಳಲ್ಲಿ ನಿರ್ಧಾರ ಕೈಗೊಳ್ಳುವವನಿಗೆ ಅಷ್ಟಾಗಿ ಅಲ್ಲ. ಅಲ್ಲದೆ ಬ್ರೇಡಿ ತನ್ನ ಯೌವನದಲ್ಲಿಯೂ ವೇಗಕ್ಕೆ ಹೆಸರಾದವನಲ್ಲ. 2000ನೆಯ ಇಸವಿಯ ಪರೀಕ್ಷೆಯಲ್ಲಿ ಆತನು 40 ಗಜಗಳನ್ನು ಓಡಲು 5.28 ಸೆಕೆಂಡುಗಳನ್ನು ತೆಗೆದುಕೊಂಡನು. ಆ ವರ್ಷದ ಆಯ್ಕೆಯಲ್ಲಿ 198 ಮಂದಿಯನ್ನು ಆರಿಸಿಯಾದ ಮೇಲೆ ಆತನ ಸರದಿ ಬಂದಿತು. ಇಲ್ಲದ ಸಂಪತ್ತನ್ನು ಕಳ್ಳನು ಕದಿಯಲಾರನು!

ಇನ್ನು ಬುದ್ಧಿಯ ಮಾತು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು ಚದುರಂಗದ ಆಟಗಾರರ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ನಿಜವಾದ ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮರೆಮಾಡಿದರೆ, ನಿಪುಣನು ಕಾಯಿಗಳ ಸ್ಥಾನಗಳನ್ನು ಹೊಸಬನಿಗಿಂತ ಎಷ್ಟೋ ಚೆನ್ನಾಗಿ ನೆನಪಿನಿಂದ ಹೇಳಬಲ್ಲನು. ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದರೆ ಆ ಮೇಲುಗೈ ಬಹುಮಟ್ಟಿಗೆ ಮಾಯವಾಗುತ್ತದೆ. ಅಂದರೆ ನಿಪುಣನ ಶಕ್ತಿಯಿರುವುದು ಅಸಾಧಾರಣವಾದ ನೆನಪಿನಲ್ಲಲ್ಲ, ಸಾವಿರಾರು ಆಟಗಳಿಂದ ಮನಸ್ಸಿನಲ್ಲಿ ನೆಲೆಗೊಂಡ ಆಕೃತಿಗಳಲ್ಲಿ. ಮೈದಾನದಲ್ಲಿ ಎದುರಾಳಿಗಳು ನಿಂತ ಬಗೆಯನ್ನು ನೋಡಿ ಅವರು ಮುಂದೆ ಏನು ಮಾಡುವರೆಂದು ಊಹಿಸುವ ಹಳೆಯ ಕ್ವಾರ್ಟರ್‌ಬ್ಯಾಕ್ ಇಂಥದೇ ಬಂಡವಾಳದ ಮೇಲೆ ಬದುಕುತ್ತಾನೆಂದು ಊಹಿಸಬಹುದು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು 1984ರಲ್ಲಿ ಟಿಮೊಥಿ ಸಾಲ್ಟ್‌ಹೌಸ್ ಅವರು ಬೆರಳಚ್ಚುಗಾರರ ಮೇಲೆ ನಡೆಸಿದ ಅಧ್ಯಯನ. ಹತ್ತೊಂಬತ್ತರಿಂದ ಎಪ್ಪತ್ತೆರಡರ ವರೆಗಿನ ವಯಸ್ಸಿನವರು ಇದರಲ್ಲಿ ಸೇರಿದ್ದರು. ಬಿಡಿಬಿಡಿಯಾದ ಸಂಜ್ಞೆಗಳಿಗೆ ಬೆರಳೊತ್ತುವ ಪರೀಕ್ಷೆಯಲ್ಲಿ ಹಿರಿಯರು ಸ್ಪಷ್ಟವಾಗಿ ಹಿಂದೆ ಬಿದ್ದರು; ಬೆರಳಚ್ಚಿನಲ್ಲಿ ಮಾತ್ರ ಕಿರಿಯರಿಗೆ ಸರಿಸಮನಾಗಿ ನಿಂತರು. ಕಾರಣವೇನು? ಹಿರಿಯರ ಕಣ್ಣು ಕೈಗಿಂತ ಹೆಚ್ಚು ಅಕ್ಷರಗಳಷ್ಟು ಮುಂದೆ ಸಾಗುತ್ತಿತ್ತು. ಬೆರಳು ಕಳೆದುಕೊಂಡುದನ್ನು ಮುನ್ನೋಟವು ತುಂಬಿಕೊಡುತ್ತಿತ್ತು. ಮುಪ್ಪು ಒಂದು ಕೈಯಿಂದ ತೆಗೆದುಕೊಳ್ಳುವುದನ್ನು ಅನುಭವವು ಮತ್ತೊಂದು ಕೈಯಿಂದ ಕೊಡುತ್ತದೆ ಎಂಬ ಹಿರಿಯರ ಮಾತು ಇಲ್ಲಿ ಅಳತೆಗೆ ಸಿಕ್ಕಿತು. ಕಾಗದದಲ್ಲಿ ಮುಂದಿನ ಅಕ್ಷರಗಳನ್ನು ಮರೆಮಾಡಿದಾಗ ಹಿರಿಯರ ಅನುಕೂಲವೂ ಕುಗ್ಗಿತು ಎಂಬುದನ್ನು ಮರೆಯಬಾರದು. ಮುನ್ನೋಟಕ್ಕೆ ಅವಕಾಶವಿರುವ ಕೆಲಸದಲ್ಲಷ್ಟೇ ಅನುಭವವು ಕೈಹಿಡಿಯುತ್ತದೆ.

ಇದಿಷ್ಟೂ ಒಬ್ಬ ಮನುಷ್ಯನ ವಿಚಾರ. ತಂಡದ ವಿಚಾರ ಬೇರೆ. ವರ್ಷಾನುವರ್ಷ ಗೆಲ್ಲುವ ತಂಡವನ್ನು ಅಮೆರಿಕನ್ನರು ರಾಜವಂಶವೆಂದು ಕರೆಯುತ್ತಾರೆ. ಆದರೆ 32 ತಂಡಗಳ ಈ ಸಂಘದ ಕಟ್ಟಳೆಗಳೆಲ್ಲ ಇರುವುದು ರಾಜವಂಶಗಳು ಹುಟ್ಟದಂತೆ ತಡೆಯುವುದಕ್ಕೆ. ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಹಿಂದಿನ ವರ್ಷ ಸೋತ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯ ಸರದಿ. 1994ರಿಂದ ಸಂಬಳದ ಒಟ್ಟು ಮೊತ್ತಕ್ಕೂ ಮಿತಿಯಿದೆ; ಶ್ರೀಮಂತನೆಂದ ಮಾತ್ರಕ್ಕೆ ಮಾಲೀಕನು ಒಳ್ಳೆಯವರನ್ನೆಲ್ಲ ಕೊಂಡುಕೊಳ್ಳಲಾಗದು. ಇಂಥ ವ್ಯವಸ್ಥೆಯಲ್ಲಿ ಬಿಲ್ ಬೆಲಿಚಿಕ್ ಎಂಬ ತರಬೇತುದಾರನ ಕೈಕೆಳಗೆ ಪೇಟ್ರಿಯಟ್ಸ್ ತಂಡವು 2001ರಿಂದ 2019ರ ವರೆಗಿನ ಹತ್ತೊಂಬತ್ತು ಋತುಗಳಲ್ಲಿ ಹದಿನೇಳು ಬಾರಿ ತನ್ನ ವಿಭಾಗದಲ್ಲಿ ಪ್ರಥಮ ಸ್ಥಾನ ಪಡೆದು, ಆರು ಬಾರಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಗೆದ್ದಿತು.

ಈ ಕೀರ್ತಿ ನಾಯಕನದೋ, ವ್ಯವಸ್ಥೆಯದೋ? ಪ್ರಕೃತಿಯೇ ಎರಡು ಪ್ರಯೋಗಗಳನ್ನು ನಡೆಸಿಕೊಟ್ಟಿತು. 2008ರ ಮೊದಲ ಪಂದ್ಯದಲ್ಲಿಯೇ ಬ್ರೇಡಿಯ ಮೊಣಕಾಲಿಗೆ ಪೆಟ್ಟಾಗಿ ಆತನು ವರ್ಷವಿಡೀ ಆಡಲಿಲ್ಲ; ಮ್ಯಾಟ್ ಕ್ಯಾಸೆಲ್ ಎಂಬ ಬದಲಿ ಆಟಗಾರನೊಡನೆ ತಂಡವು ಹದಿನಾರರಲ್ಲಿ ಹನ್ನೊಂದು ಪಂದ್ಯಗಳನ್ನು ಗೆದ್ದಿತು. ವ್ಯವಸ್ಥೆಯೇ ದೊಡ್ಡದೆಂದು ಕೆಲವರು ಹೇಳಿದರು. ಆದರೆ ಹಿಂದಿನ ವರ್ಷ ಅದೇ ತಂಡ ಹದಿನಾರಕ್ಕೆ ಹದಿನಾರನ್ನೂ ಗೆದ್ದಿತ್ತು ಎಂಬುದನ್ನು ಅವರು ಮರೆತರು. 2020ರಲ್ಲಿ ಬ್ರೇಡಿ ತಂಡವನ್ನು ಬಿಟ್ಟಾಗ ಪೇಟ್ರಿಯಟ್ಸ್ ಹನ್ನೆರಡು ಗೆಲವುಗಳಿಂದ ಏಳಕ್ಕೆ ಇಳಿಯಿತು. ನಾಯಕನೇ ದೊಡ್ಡವನೆಂದು ಉಳಿದವರು ಹೇಳಿದರು. ಆದರೆ ಸಾಂಕ್ರಾಮಿಕದ ಆ ವರ್ಷ ಆ ತಂಡದ ಹಲವರು ಆಡದೆ ಹೊರಗುಳಿದಿದ್ದರು ಎಂಬುದನ್ನು ಇವರು ಮರೆತರು. ಎರಡು ಪ್ರಯೋಗಗಳಿಂದ ಒಂದು ನಿಯಮವನ್ನು ಕಟ್ಟುವುದು ಸಾಧ್ಯವಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಜನರು ಕಡೆಗಣಿಸುವುದು ಸಂಭವದ ಲೆಕ್ಕವನ್ನು. ಪ್ಲೇಆಫ್ ಎಂಬುದು ಒಮ್ಮೆ ಸೋತರೆ ಮನೆಗೆ ಹೋಗಬೇಕಾದ ಸ್ಪರ್ಧೆ. 2019ರ ಪದ್ಧತಿಯಂತೆ ಪ್ರತಿ ಪಂಗಡದ ಮೊದಲ ಎರಡು ತಂಡಗಳಿಗೆ ಮೊದಲ ಸುತ್ತಿನಲ್ಲಿ ವಿಶ್ರಾಂತಿ. ಅವು ಮೂರು ಪಂದ್ಯಗಳನ್ನು ಗೆದ್ದರೆ ಸಾಕು. ಉಳಿದವು ನಾಲ್ಕನ್ನು ಗೆಲ್ಲಬೇಕು. ಒಂದು ಬಲಿಷ್ಠ ತಂಡವು ಮೂರು ಪಂದ್ಯಗಳಲ್ಲಿ ಎರಡನ್ನು ಗೆಲ್ಲುವ ಶಕ್ತಿಯುಳ್ಳದ್ದೆಂದು ಇಟ್ಟುಕೊಳ್ಳೋಣ. ಮೂರು ಪಂದ್ಯಗಳನ್ನು ಸಾಲಾಗಿ ಗೆಲ್ಲುವ ಸಂಭವ 27ರಲ್ಲಿ 8, ಅಂದರೆ ನೂರಕ್ಕೆ ಸುಮಾರು 30. ನಾಲ್ಕನ್ನು ಗೆಲ್ಲುವ ಸಂಭವ 81ರಲ್ಲಿ 16, ಅಂದರೆ ನೂರಕ್ಕೆ ಸುಮಾರು 20. ಆಟಗಾರರ ಶಕ್ತಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದೆ, ಒಂದು ಹೆಚ್ಚಿನ ಪಂದ್ಯದ ಕಾರಣದಿಂದಲೇ ಅವಕಾಶವು ಮೂರನೆಯ ಒಂದು ಪಾಲು ಕಡಮೆಯಾಯಿತು!

ಪೇಟ್ರಿಯಟ್ಸ್ ತಂಡಕ್ಕೆ ಆದುದೂ ಇದೇ. 2019ರ ಡಿಸೆಂಬರ್ 29ರಂದು ದುರ್ಬಲವಾದ ಮಯಾಮಿ ತಂಡಕ್ಕೆ 27–24ರಿಂದ ಸೋತುದರಿಂದ ಅದು ವಿಶ್ರಾಂತಿಯ ಹಕ್ಕನ್ನು ಕಳೆದುಕೊಂಡಿತು. ಅದರ ಆರು ಪ್ರಶಸ್ತಿಗಳೂ ಆ ವಿಶ್ರಾಂತಿ ದೊರೆತ ವರ್ಷಗಳಲ್ಲೇ ಬಂದಿದ್ದವು. ಬ್ರೇಡಿ ಆ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ ಹದಿನೆಂಟು ಋತುಗಳಲ್ಲಿ ಹನ್ನೆರಡು ಪ್ರಶಸ್ತಿಯಿಲ್ಲದೆಯೇ ಮುಗಿದವು. ಅವುಗಳಲ್ಲಿ ಹಲವು ಆತನ ತಾರುಣ್ಯದ ವರ್ಷಗಳು. ಇದಲ್ಲದೆ, ಆತನ ನೆಚ್ಚಿನ ಚೆಂಡು ಹಿಡಿಯುವವನಾದ ರಾಬ್ ಗ್ರಾಂಕೌಸ್ಕಿ 2019ರ ಮಾರ್ಚಿಯಲ್ಲಿ ನಿವೃತ್ತನಾಗಿದ್ದನು. ಹಿಡಿಯುವವನಿಲ್ಲದೆ ಎಸೆತ ಕೆಟ್ಟರೆ ಅಪವಾದ ತೋಳಿಗೇ ಬರುತ್ತದೆ.

ಹಾಗಾದರೆ ತೀರ್ಪು ಏನಾಯಿತು? ಬ್ರೇಡಿ ಹಿಂದಿನ ವರ್ಷ ಏಳೇ ಪಂದ್ಯಗಳನ್ನು ಗೆದ್ದಿದ್ದ ಟ್ಯಾಂಪಾ ಬೇ ತಂಡವನ್ನು ಸೇರಿದನು. ಗ್ರಾಂಕೌಸ್ಕಿಯೂ ನಿವೃತ್ತಿಯನ್ನು ಬಿಟ್ಟು ಜೊತೆಗೆ ಬಂದನು. ಆ ತಂಡವು ಪರಸ್ಥಳಗಳಲ್ಲಿ ಮೂರು ಪ್ಲೇಆಫ್ ಪಂದ್ಯಗಳನ್ನು ಗೆದ್ದು, 2021ನೆಯ ಫೆಬ್ರವರಿ 7ರಂದು ಕಾನ್ಸಾಸ್ ಸಿಟಿ ತಂಡವನ್ನು 31–9ರಿಂದ ಸೋಲಿಸಿ ಸೂಪರ್ ಬೌಲ್ ಪಡೆಯಿತು. ಆಗ ಬ್ರೇಡಿಗೆ 43 ವರ್ಷ. ಮರುಋತುವಿನಲ್ಲಿ ಆತನು ಎಸೆದ 5,316 ಗಜಗಳು ಇಡೀ ಸಂಘದಲ್ಲಿಯೇ ಅತ್ಯಧಿಕ. ಕುಂದಿತೆಂದು ಸಾರಲಾಗಿದ್ದ ತೋಳು ಅದೇ!

ಆದರೆ ಇದನ್ನು ಕೇಳಿ ಮುಪ್ಪೇ ಸುಳ್ಳೆಂದು ಹೊರಡುವವರ ಜೊತೆಗೂ ನಾವು ಸೇರಲಾರೆವು. ಪ್ಲೇಆಫ್‌ನ ಆ ಮೂರು ಪಂದ್ಯಗಳಲ್ಲಿ ಕೊನೆಯದಾದ ಗ್ರೀನ್ ಬೇ ಪಂದ್ಯದಲ್ಲಿ ಬ್ರೇಡಿಯ ಮೂರು ಎಸೆತಗಳು ಎದುರಾಳಿಗಳ ಪಾಲಾದರೂ ಆತನ ತಂಡ ಗೆದ್ದಿತು. ಅಂದು ಸೋತಿದ್ದರೆ ಮುಪ್ಪಿನ ಕಥೆಯನ್ನೇ ಮತ್ತೆ ಕೇಳುತ್ತಿದ್ದೆವು. ಪೇಟನ್ ಮ್ಯಾನಿಂಗ್ 2015ರ ಋತುವಿನಲ್ಲಿ ಕೇವಲ 9 ಯಶಸ್ವೀ ಅಂಕದೆಸೆತಗಳನ್ನು ಎಸೆದು 17 ಬಾರಿ ಚೆಂಡನ್ನು ಎದುರಾಳಿಗೆ ಒಪ್ಪಿಸಿದ್ದರೂ, ರಕ್ಷಣಾ ಪಡೆಯ ಬಲದಿಂದ 39ನೆಯ ವಯಸ್ಸಿನಲ್ಲಿ ಸೂಪರ್ ಬೌಲ್ ಗೆದ್ದನು. ಬ್ರೆಟ್ ಫಾವ್ರ್ 2009ರಲ್ಲಿ ನಲವತ್ತರ ವಯಸ್ಸಿನಲ್ಲಿ 33 ಅಂಕದೆಸೆತಗಳಿಂದ ಬೆರಗುಗೊಳಿಸಿ, ಮರುವರ್ಷವೇ 11ಕ್ಕೆ ಇಳಿದನು. ದೇಹವು ಇಳಿಯುವಾಗ ಇಳಿಜಾರಿನಂತೆ ಇಳಿಯದೆ, ಮೆಟ್ಟಿಲು ತಪ್ಪಿದಂತೆ ಇಳಿಯುವುದೂ ಉಂಟು. ಬ್ರೇಡಿಯ ಕೊನೆಯ ಋತುವಾದ 2022ರಲ್ಲಿ ಆತನ ತಂಡ ಎಂಟು ಪಂದ್ಯಗಳನ್ನಷ್ಟೇ ಗೆದ್ದಿತು. 2023ನೆಯ ಫೆಬ್ರವರಿ 1ರಂದು ಆತನು ಆಟವನ್ನು ಬಿಟ್ಟನು. ನಲವತ್ತರ ವರೆಗೆ ಉಳಿದವರು ಆಯ್ದುಳಿದವರು. ಅವರನ್ನು ನೋಡಿ ಎಲ್ಲರನ್ನೂ ಅಳೆಯಲಾಗದು.

ಇದರ ಇನ್ನೊಂದು ಮುಖವನ್ನು ಹೇಳದಿದ್ದರೆ ತಪ್ಪಾದೀತು. ಈ ಆಟ ಒರಟು. 2017ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ವೈದ್ಯರು, ಈ ಸಂಘದಲ್ಲಿ ಆಡಿ ತೀರಿಕೊಂಡು ಸಂಶೋಧನೆಗೆಂದು ದಾನವಾಗಿ ಬಂದ 111 ಮಂದಿಯ ಮಿದುಳುಗಳಲ್ಲಿ 110ರಲ್ಲಿ, ಪದೇಪದೇ ಬಿದ್ದ ಪೆಟ್ಟಿಗೆ ಸಂಬಂಧಿಸಿದ ರೋಗದ ಗುರುತನ್ನು ಕಂಡರು. ರೋಗದ ಅನುಮಾನವಿದ್ದವರ ಮಿದುಳುಗಳೇ ಹೆಚ್ಚಾಗಿ ದಾನಕ್ಕೆ ಬರುವುದರಿಂದ, ಇದು ಎಲ್ಲ ಆಟಗಾರರ ಪ್ರಮಾಣವಲ್ಲ. ಆದರೂ ಎಚ್ಚರಿಕೆಗೆ ಸಾಕು. ಹಿರಿಯ ಆಟಗಾರನು ಇನ್ನೂ ಗೆಲ್ಲಬಲ್ಲನೇ ಎಂಬ ಪ್ರಶ್ನೆ ಬೇರೆ. ಇನ್ನೂ ಪೆಟ್ಟು ತಿನ್ನಬೇಕೇ ಎಂಬ ಪ್ರಶ್ನೆ ಬೇರೆ. ಎರಡನೆಯದಕ್ಕೆ ಪ್ರೇಕ್ಷಕರ ಚಪ್ಪಾಳೆಯು ಉತ್ತರವಾಗಲಾರದು.

ನಮ್ಮ ಅಭಿಪ್ರಾಯವಿಷ್ಟು. ಮುದಿನಾಯಕನ ತಂಡವು ಈ ವರ್ಷ ಗೆದ್ದೀತೇ ಎಂಬ ಪ್ರಶ್ನೆಯಲ್ಲಿ ದೇಹದ ಪ್ರಶ್ನೆ, ತಂಡದ ಪ್ರಶ್ನೆ, ಸಂಭವದ ಪ್ರಶ್ನೆ ಎಂದು ಮೂರು ಹುದುಗಿವೆ. ಮೊದಲನೆಯದನ್ನು ಎಸೆತಗಳ ಅಳತೆಯಿಂದ, ಎರಡನೆಯದನ್ನು ಜೊತೆಗಾರರ ಪರಿಶೀಲನೆಯಿಂದ, ಮೂರನೆಯದನ್ನು ಗಣಿತದಿಂದ ಬಿಡಿಸಬೇಕು. ಮೂರನ್ನೂ ಒಂದೇ ಗಂಟಾಗಿ ಕಟ್ಟಿ, ಅದರ ಮೇಲೆ ಹುಟ್ಟಿದ ತಾರೀಖನ್ನು ಅಂಟಿಸಿಬಿಡುವುದು ಸುಲಭ, ಅದು ಆಲೋಚನೆಯಲ್ಲ. ಆಟದ ಮೈದಾನದಲ್ಲಿ ಈ ತಪ್ಪಿನಿಂದ ಒಂದು ಪ್ರಶಸ್ತಿ ಕೈತಪ್ಪಬಹುದು. ಕಚೇರಿ, ಕಾರ್ಖಾನೆ, ಶಸ್ತ್ರಚಿಕಿತ್ಸೆಯ ಕೊಠಡಿಗಳಲ್ಲಿ ಇದರಿಂದ ಕೈಬಳಗಿದ ಹಿರಿಯರು ಅಕಾಲದಲ್ಲಿ ಮೂಲೆ ಸೇರುವರು, ಇಲ್ಲವೇ ಕೈ ನಡುಗತೊಡಗಿದವರು ಹೆಸರಿನ ಬಲದಿಂದ ಉಳಿದುಕೊಳ್ಳುವರು. ಎರಡೂ ಹಾನಿಯೇ. ಮನುಷ್ಯನ ಕೆಲಸವನ್ನು ಅಳೆಯಬೇಕು, ಪದೇಪದೇ ಅಳೆಯಬೇಕು. ಒಂದು ಸಂಜೆಯ ಸೋಲಿನಿಂದ ಅಳೆಯಬಾರದು.